ಕೋಟೆಯ ಹೊರಗಿನ ಬಿಡಾರ

ಪರಸ್ಥಳಕ್ಕೆ ಹೊರಟವನು ಅಲ್ಲಿ ಏನನ್ನು ನೋಡಬೇಕೆಂದು ಯೋಚಿಸುವುದಕ್ಕೆ ಮೊದಲು ಗಂಟನ್ನು ಎಲ್ಲಿ ಇಳಿಸಬೇಕೆಂದು ಯೋಚಿಸಬೇಕು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಜಾತ್ರೆಗೆ ಹೋದವನಿಗೆ ದೇವರ ದರ್ಶನ ಒಂದು ಗಳಿಗೆಯ ಮಾತು. ಬಿಡಾರವಾದರೋ ಹಗಲಿರುಳಿನ ಮಾತು. ದರ್ಶನ ಸಾಂಗವಾಗಿ ನಡೆದು ಬಿಡಾರ ಕೆಟ್ಟಿತೆಂದರೆ, ಊರಿಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದು ದೇವರಲ್ಲ, ತಿಗಣೆ.

ಈ ಮಾತು ನನಗೆ ಮತ್ತೆ ನೆನಪಾದದ್ದು ಜಾತ್ರೆಯಲ್ಲಲ್ಲ, ಅಮೆರಿಕದಲ್ಲಿ. 2025ರ ಅಕ್ಟೋಬರಿನಲ್ಲಿ, ವಿಜಯದಶಮಿ ಕಳೆದ ವಾರ, ನಾನೂ ನನ್ನಾಕೆಯೂ ಅಟ್ಲಾಂಟಾದ ಮಗನ ಮನೆಯಲ್ಲಿದ್ದೆವು. ಆರು ವರ್ಷದ ಮೊಮ್ಮಗಳಿಗೆ ಶಾಲೆಯ ಶರತ್ಕಾಲದ ರಜೆ. ಫ್ಲಾರಿಡಾದ ಆರ್ಲ್ಯಾಂಡೊ ನಗರದ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡಿಗೆ ಹೋಗತಕ್ಕದ್ದೆಂದು ಅವಳು ವರ್ಷದ ಹಿಂದೆಯೇ ಅಪ್ಪಣೆ ಕೊಡಿಸಿದ್ದಳು. ಆದ್ದರಿಂದ ಹೋಗುವುದೋ ಬಿಡುವುದೋ ಎಂಬ ಚರ್ಚೆಗೆ ಎಡೆಯಿರಲಿಲ್ಲ. ಚರ್ಚೆ ನಡೆದದ್ದು ಇಳಿದುಕೊಳ್ಳುವುದೆಲ್ಲಿ ಎಂಬ ಒಂದೇ ವಿಷಯಕ್ಕೆ. ಅದು ನಾಲ್ಕು ರಾತ್ರಿ ನಡೆಯಿತು. ಮಗ, ಉದ್ಯಾನದವರ ಸ್ವಂತ ಹೋಟೆಲೇ ಆಗಬೇಕೆಂದ. ನಾನು ಅದರ ದರವನ್ನು ರೂಪಾಯಿಗೆ ಇಳಿಸಿ ನೋಡಿ, ಮೂಗಿಗಿಂತ ಮೂಗುತಿ ಭಾರವಾಯಿತೆಂದೆ. ಸೊಸೆ, “ಎಲ್ಲಾದರೂ ಸರಿ ಮಾವ, ಒಂದು ಒಲೆ ಇದ್ದರೆ ಸಾಕು” ಎಂದಳು. ನನ್ನಾಕೆ ಏನನ್ನೂ ಹೇಳಲಿಲ್ಲ. ಕೊನೆಗೆ ಹಿರಿಯನೆಂಬ ಮರ್ಯಾದೆಗೆ ನನ್ನ ಮಾತೇ ನಿಂತಿತು. ಆ ಮಾತಿನಲ್ಲಿ ಅರ್ಧ ಸರಿ, ಅರ್ಧ ತಪ್ಪು ಇತ್ತೆಂದು ಓದುಗರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ, ಹೊರಗೆ ಎಂಬ ಈ ಭೇದ ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು. ವಾಲ್ಟ್ ಡಿಸ್ನಿ ತನ್ನ ಮೊದಲ ವಿನೋದೋದ್ಯಾನವಾದ ಡಿಸ್ನಿಲ್ಯಾಂಡನ್ನು 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮಿನಲ್ಲಿ ತೆರೆದ. ಕಿತ್ತಲೆಯ ತೋಟಗಳಿದ್ದ ಸುಮಾರು 160 ಎಕರೆ ನೆಲ ಅದು. ಉದ್ಯಾನವನ್ನು ಕಟ್ಟುವುದರಲ್ಲೇ ಕೈಯಲ್ಲಿದ್ದ ಹಣವೆಲ್ಲ ಮುಗಿದು, ಸುತ್ತಲಿನ ನೆಲವನ್ನು ಕೊಳ್ಳುವುದಕ್ಕಾಗಲಿ, ಹೋಟೆಲನ್ನು ಕಟ್ಟುವುದಕ್ಕಾಗಲಿ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಡಿಸ್ನಿಲ್ಯಾಂಡ್ ಹೋಟೆಲ್ ಎಂಬ ಹೆಸರಿನ ವಸತಿಗೃಹವನ್ನು ಸಹ ಅದೇ ವರ್ಷ ಕಟ್ಟಿ ನಡೆಸಿದವನು ಜ್ಯಾಕ್ ರ‍್ಯಾದರ್ ಎಂಬ ಬೇರೊಬ್ಬ ಉದ್ಯಮಿ. ಅದು ಡಿಸ್ನಿ ಸಂಸ್ಥೆಯ ಕೈಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಉದ್ಯಾನದ ಹೆಸರು ಬೆಳೆದಂತೆ ಸುತ್ತಲಿನ ಹಾರ್ಬರ್ ಬೂಲವಾರ್ಡಿನ ಇಕ್ಕೆಲಗಳಲ್ಲಿ ಮೋಟೆಲುಗಳು ಎದ್ದವು. ಬಣ್ಣಬಣ್ಣದ ನಿಯಾನ್ ದೀಪಗಳು ಹೊತ್ತಿಕೊಂಡವು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೆ? ಉದ್ಯಾನಕ್ಕೆ ಬಂದವನು ಮಲಗಲೇಬೇಕಷ್ಟೆ. ಜನ ತಾನು ಕಟ್ಟಿದ್ದನ್ನು ನೋಡಲು ಬಂದು ಮಿಕ್ಕ ಹಣವನ್ನೆಲ್ಲ ಬೇಲಿಯಾಚೆಗೆ ಚೆಲ್ಲುತ್ತಿರುವುದನ್ನು ಕಂಡು ವಾಲ್ಟ್ ಡಿಸ್ನಿಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಕನಸಿನ ಲೋಕದ ಅಂಚಿನಲ್ಲೇ ಆ ಗಿಜಿಬಿಜಿ ಬೆಳೆದದ್ದು ಅವನಿಗೆ ಸಹನೆಯಾಗಲಿಲ್ಲ.

ಎರಡನೆಯ ಸಲ ಅವನು ಆ ತಪ್ಪನ್ನು ಮಾಡಲಿಲ್ಲ. 1960ರ ದಶಕದ ನಡುವೆ ಫ್ಲಾರಿಡಾದ ಜೌಗು ನೆಲವನ್ನು, ಬೆಲೆ ಏರೀತೆಂಬ ಭಯದಿಂದ, ನಾನಾ ಕಂಪೆನಿಗಳ ಹೆಸರಿನಲ್ಲಿ ಗುಟ್ಟಾಗಿ ಕೊಳ್ಳಲಾಯಿತು. 1965ರ ನವೆಂಬರಿನಲ್ಲಿ ಗುಟ್ಟನ್ನು ಬಹಿರಂಗಪಡಿಸುವ ಹೊತ್ತಿಗೆ 27,000 ಎಕರೆಗೂ ಮಿಕ್ಕ ನೆಲ ಕೈವಶವಾಗಿತ್ತು. ಅಂದರೆ ಹೆಚ್ಚುಕಡಿಮೆ ಸ್ಯಾನ್ ಫ್ರಾನ್ಸಿಸ್ಕೋ ನಗರದಷ್ಟು ವಿಸ್ತಾರ. ಅವನು 1966ರ ಡಿಸೆಂಬರಿನಲ್ಲಿ ತೀರಿಕೊಂಡ. ಉದ್ಯಾನ 1971ರ ಅಕ್ಟೋಬರ್ 1ರಂದು ತೆರೆಯಿತು. ಈಗ ಅಲ್ಲಿ ನಾಲ್ಕು ಉದ್ಯಾನಗಳಿವೆ; ಅವುಗಳ ನಡುವೆ ಸಂಸ್ಥೆಯ ಸ್ವಂತ ಹೋಟೆಲುಗಳು ಹರಡಿಕೊಂಡಿವೆ. ಒಳಗೆ ಇಳಿದವನ ಕಣ್ಣಿಗೆ ಹೊರಗಿನ ಲೋಕ ಬೀಳುವುದೇ ಇಲ್ಲ. ಹಿಂದಿನ ಅರಸರು ಶತ್ರುಗಳು ಒಳಗೆ ಬಾರದಿರಲೆಂದು ಕೋಟೆ ಕಟ್ಟುತ್ತಿದ್ದರು. ಇದು ಅತಿಥಿಗಳ ದೃಷ್ಟಿ ಹೊರಗೆ ಹೋಗದಿರಲೆಂದು ಕಟ್ಟಿದ ಕೋಟೆ.

ಆದರೂ ಕೋಟೆ ಎಷ್ಟೇ ದೊಡ್ಡದಾದರೂ ಅದಕ್ಕೊಂದು ಹೊರಗು ಇದ್ದೇ ಇರುತ್ತದೆ. ಆ ಹೊರಗಿನಲ್ಲಿಯೂ ಹಲವು ಬಗೆಯುಂಟು. ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿಬೀದಿಯ ಪಕ್ಕದಲ್ಲಿ ಸಂಸ್ಥೆಯ ನೆಲದಲ್ಲಿದ್ದುಕೊಂಡೇ ಬೇರೆಯವರು ನಡೆಸುವ ಹೋಟೆಲುಗಳದ್ದು ಒಂದು ಬಗೆ. ಡಿಸ್ನಿಯವರ ನೆಲದ ನಡುವೆ ಸಿಕ್ಕಿಕೊಂಡಂತಿದ್ದೂ ಅವರದಲ್ಲದ ಬಾನೆಟ್ ಕ್ರೀಕಿನ ಶ್ರೀಮಂತ ವಸತಿಗಳದ್ದು ಇನ್ನೊಂದು ಬಗೆ. ಮೂರನೆಯದು ಕಿಸಿಮ್ಮಿ ಊರಿನ ಕಡೆಗೆ ಸಾಗುವ 192ನೆಯ ಹೆದ್ದಾರಿ. ಅಲ್ಲಿ ಹೊಸ ಹೋಟೆಲುಗಳ ನಡುನಡುವೆ ಹಳೆಯ ಮೋಟೆಲುಗಳು ಬಣ್ಣ ಮಾಸಿ ನಿಂತಿವೆ. ನಾಲ್ಕನೆಯದು ಇನ್ನೂ ಆಚೆಗೆ, ಡೇವನ್‌ಪೋರ್ಟಿನವರೆಗೆ ಹಬ್ಬಿರುವ ಬಾಡಿಗೆಯ ಮನೆಗಳು: ಮೂರು ತಲೆಮಾರು ಒಟ್ಟಿಗೆ ಇಳಿಯಬಹುದಾದಂಥವು. ಹೊರಗೆ ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಕಟ್ಟಿಹಾಕಿ, ಹೊರಗೆ ಅಗ್ಗ ಎಂದು ತೀರ್ಮಾನಿಸುವುದು ಅವಿವೇಕ. ಆ ಅವಿವೇಕವನ್ನು ನಾನು ಮಾಡಿದೆ.

ನಾನು ಆರಿಸಿದ್ದು 192ನೆಯ ಹೆದ್ದಾರಿಯ ಒಂದು ಮೋಟೆಲು. ಅದರ ಹೆಸರು ಇಲ್ಲಿ ಬೇಡ. ನಕ್ಷೆಯಲ್ಲಿ ಉದ್ಯಾನಕ್ಕೆ ಕೆಲವೇ ಮೈಲಿ. ದರ ಒಳಗಿನದರ ನಾಲ್ಕನೆಯ ಒಂದು ಪಾಲು. ಉದ್ಯಾನಕ್ಕೆ ಪುಕ್ಕಟೆ ಬಸ್ಸು. ಇನ್ನೇನು ಬೇಕು? ನಮ್ಮ ಕಾರನ್ನು ಉದ್ಯಾನದ ಅಂಗಳದಲ್ಲಿ ನಿಲ್ಲಿಸಲು ದಿನಕ್ಕೆ 30 ಡಾಲರಿನ ಆಸುಪಾಸು ತೆರಬೇಕೆಂದು ಮಗ ಹೇಳಿದಾಗ, ಪುಕ್ಕಟೆ ಬಸ್ಸಿರುವಾಗ ಅದೇಕೆ ತೆರಬೇಕೆಂದು ವಾದಿಸಿ ಗೆದ್ದೆ. ಗೆದ್ದ ಸಂತೋಷದಲ್ಲಿ ಉಳಿತಾಯದ ಲೆಕ್ಕವನ್ನು ದಾರಿಯ ಏಳು ಗಂಟೆಯೂ ಎಲ್ಲರಿಗೂ ಕೇಳಿಸುವಂತೆ ಹೇಳುತ್ತ ಬಂದೆ.

ನಕ್ಷೆ ಹೇಳದ ಸಂಗತಿಗಳನ್ನು ಮರುದಿನ ಕಾಲುಗಳು ಹೇಳಿದವು. ಮೊದಲ ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್ಮಿನ ಬಾಗಿಲಿಗೆ ಹೊರಗಿನ ವಾಹನಗಳು ಹೋಗುವುದಿಲ್ಲ. ನಡುವೆ ಒಂದು ಕೆರೆ. ಹೊರಗಿನಿಂದ ಬಂದ ಕಾರಾಗಲಿ, ಮೋಟೆಲಿನ ಬಸ್ಸಾಗಲಿ ಕೆರೆಯ ಈಚೆಯ ದಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ದೋಣಿಯನ್ನೋ ಒಂಟಿಕಂಬಿಯ ರೈಲನ್ನೋ ಹಿಡಿದು ದಾಟಬೇಕು. ಒಳಗಿನ ಹೋಟೆಲಿನವರ ಬಸ್ಸು ಮಾತ್ರ ನೇರವಾಗಿ ಬಾಗಿಲ ಮುಂದೆ ಇಳಿಸುತ್ತದೆ. ಅಷ್ಟೇ ಅಲ್ಲ, ಅವರಿಗೂ ಕೆಲವು ಆಯ್ದ ಹೊರಗಿನ ಹೋಟೆಲಿನವರಿಗೂ ದಿನವೂ ಅರ್ಧ ಗಂಟೆ ಮುಂಚೆ ಪ್ರವೇಶ. ಹೀಗೆ ನಾವು ಮೋಟೆಲಿನಿಂದ ಹೊರಟು ಉದ್ಯಾನದೊಳಗೆ ಕಾಲಿಡುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಮೊಮ್ಮಗಳ ಉತ್ಸಾಹದ ಕಾಲು ಭಾಗ ದಾರಿಯಲ್ಲೇ ಚೆಲ್ಲಿತ್ತು.

ಪುಕ್ಕಟೆಯ ಬಸ್ಸು ಬೆಳಿಗ್ಗೆ ಎರಡು ಬಾರಿ ಬರುತ್ತಿತ್ತು, ಸಂಜೆ ಎರಡು ಬಾರಿ. ನಡುವೆ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ನನ್ನಾಕೆ, “ನೀವು ನೋಡಿಕೊಂಡು ಬನ್ನಿ, ನಾನು ಇಲ್ಲೇ ನೆರಳಿನಲ್ಲಿ ಕೂತಿರುತ್ತೇನೆ” ಎಂದು ಒಂದು ಬೆಂಚಿನ ಮೇಲೆ ಕುಳಿತಳು. ಜನರನ್ನು ನೋಡುತ್ತ ಕೂರುವುದು ಅವಳಿಗೆ ಇಷ್ಟವೆಂದು ನಾನು ತಿಳಿದೆ. ಸಂಜೆ ಆರಕ್ಕೆ ಬಸ್ಸು ಹತ್ತುವಾಗ ಮಗ ಅವಳ ಕಾಲನ್ನು ನೋಡಿದ. ಮಂಡಿ ಊದಿತ್ತು, ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. “ಅಮ್ಮ, ಹೇಳಬಾರದಾಗಿತ್ತೆ? ಟ್ಯಾಕ್ಸಿ ಕರೆಸುತ್ತಿದ್ದೆನಲ್ಲ” ಎಂದ. ಅವಳು ನನ್ನ ಕಡೆ ನೋಡದೆ, “ಅದಕ್ಕೆ ಬೇರೆ ದುಡ್ಡು ಯಾಕೆ ಅಂತ ಸುಮ್ಮನಾದೆ” ಎಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ಮೂವತ್ತು ಡಾಲರಿಗೆ ಕಳೆದುಕೊಂಡದ್ದು ಎಷ್ಟೆಂದು ಲೆಕ್ಕ ಹಾಕುವ ಧೈರ್ಯ ಆ ರಾತ್ರಿ ನನಗಾಗಲಿಲ್ಲ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವಳು ಕಾಲುನೋವನ್ನು ಹೇಳಿಕೊಳ್ಳಲು ಹಿಂಜರಿಯುವಷ್ಟು ಗಟ್ಟಿಯಾಗಿ ನಾನು ಉಳಿತಾಯವನ್ನು ಸಾರಿದ್ದೆ.

ಆ ರಾತ್ರಿ ನಿದ್ರೆಯೂ ಹತ್ತಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಹೊರಗಿನ ಮೊಗಸಾಲೆಯಲ್ಲಿ ಮಕ್ಕಳು ದಡದಡನೆ ಓಡಿದ ಸದ್ದು, ಕೂಗಾಟ. ಹಿಂದಿನ ರಾತ್ರಿಯೂ ಹೀಗೆಯೇ ಆಗಿತ್ತು. ಬೆಳಿಗ್ಗೆ ಎದ್ದವನೇ ದೂರು ಹೇಳಲೆಂದು ಮೋಟೆಲಿನ ಕಚೇರಿಗೆ ನಡೆದೆ. ಮೊಮ್ಮಗಳೂ ಕೈಹಿಡಿದು ಬಂದಳು. ಹಾಗೆ ಹೋಗುವಾಗ, ರಸ್ತೆಯ ಅಂಚಿನಲ್ಲಿ ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡು ನಾಲ್ಕಾರು ಮಕ್ಕಳು ನಿಂತಿದ್ದರು. ನೋಡನೋಡುತ್ತಿದ್ದಂತೆ ಹಳದಿ ಬಣ್ಣದ ಶಾಲೆಯ ಬಸ್ಸು ಮೋಟೆಲಿನ ಮುಂದೆ ನಿಂತಿತು, ಅವರು ಹತ್ತಿಕೊಂಡರು, ಅದು ಹೋಯಿತು.

“ತಾತ, ಅವರಿಗೆ ರಜೆ ಇಲ್ಲವಾ? ಅವರು ಡಿಸ್ನಿಗೆ ಬರಲ್ವಾ?” ಎಂದು ಮೊಮ್ಮಗಳು ಕೇಳಿದಳು.

ನನಗೆ ಉತ್ತರ ತಿಳಿಯಲಿಲ್ಲ. ಕಚೇರಿಯಲ್ಲಿದ್ದಾಕೆಯನ್ನು ಕೇಳಿದೆ. ಆಕೆ ಮುಖವೆತ್ತದೆ, ಅವರು ಪ್ರವಾಸಿಗಳಲ್ಲ, ಇಲ್ಲಿಯೇ ವಾಸವಾಗಿರುವವರು ಎಂದಳು.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮನೆ ಬಾಡಿಗೆಗೆ ಹಿಡಿಯಬೇಕಾದರೆ ಮುಂಗಡ ಬೇಕು, ಠೇವಣಿ ಬೇಕು, ಸಾಲದ ಚರಿತ್ರೆ ಚೊಕ್ಕಟವಾಗಿರಬೇಕು. ಇವು ಇಲ್ಲದವನಿಗೆ ವಾರದ ಲೆಕ್ಕದಲ್ಲಿ ಸಿಗುವ ಮೋಟೆಲಿನ ಕೋಣೆಯೇ ಗತಿ. ವಾರ ವಾರ ತೆತ್ತದ್ದನ್ನು ಕೂಡಿಸಿದರೆ ಅದು ಮನೆಯ ಬಾಡಿಗೆಗಿಂತ ಕಡಿಮೆಯೇನೂ ಆಗುವುದಿಲ್ಲ. ಆದರೆ ಮುಂಗಡದ ಗಂಟು ಕೈಯಲ್ಲಿ ಎಂದೂ ಕೂಡಿಬರುವುದಿಲ್ಲ. ಪ್ರವಾಸಿಗಳ ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು, ಅಂಗಡಿಗಳಲ್ಲಿ ನಿಲ್ಲುವವರು ಹೀಗೆ ಪ್ರವಾಸಿಗಳ ಕೋಣೆಯ ಪಕ್ಕದ ಕೋಣೆಯಲ್ಲೇ ಮಕ್ಕಳೊಂದಿಗೆ ಸಂಸಾರ ಹೂಡಿರುವುದುಂಟು. ಮೆಕಿನ್ನಿ–ವೆಂಟೊ ಎಂಬ 1987ರ ಸಂಯುಕ್ತ ಕಾಯಿದೆಯ ಲೆಕ್ಕದಲ್ಲಿ, ಬೇರೆ ಗತಿಯಿಲ್ಲದೆ ಮೋಟೆಲಿನಲ್ಲಿ ವಾಸಿಸುವ ಮಕ್ಕಳು ವಸತಿಹೀನರು. ಅವರನ್ನು ಶಾಲೆಗೆ ಸೇರಿಸಿಕೊಳ್ಳಬೇಕು, ಶಾಲೆಗೆ ತಲುಪುವಂತೆ ನೋಡಿಕೊಳ್ಳಬೇಕು. ಹಳದಿ ಬಸ್ಸು ಮೋಟೆಲಿನ ಬಾಗಿಲಿಗೆ ಬರುವುದಕ್ಕೆ ಕಾರಣ ಅದು. ಷಾನ್ ಬೇಕರ್ 2017ರಲ್ಲಿ ತೆಗೆದ “ದಿ ಫ್ಲಾರಿಡಾ ಪ್ರಾಜೆಕ್ಟ್” ಎಂಬ ಚಲನಚಿತ್ರ ಈ ಬಾಳನ್ನೇ ಕುರಿತದ್ದು. ಕಿಸಿಮ್ಮಿಯ ಇದೇ ಹೆದ್ದಾರಿಯ ಒಂದು ಮೋಟೆಲಿನಲ್ಲೇ ಅದರ ಚಿತ್ರೀಕರಣವಾಯಿತು. ಡಿಸ್ನಿ ವರ್ಲ್ಡಿನ ಯೋಜನೆಗೆ ಆರಂಭದಲ್ಲಿ ಇದ್ದ ಹೆಸರೂ ಅದೇ ಎಂಬುದನ್ನು ತಿಳಿದಾಗ ಆ ಶೀರ್ಷಿಕೆಯ ಮೊನೆ ಅರಿವಾಗುತ್ತದೆ.

ನಾನು ದೂರು ಹೇಳದೆ ಹಿಂದಿರುಗಿದೆ. ಹೇಳಿದ್ದರೆ ಯಾರ ಮೇಲೆ ಹೇಳಿದಂತಾಗುತ್ತಿತ್ತು? ಒಬ್ಬರ ಮನೆಯೊಳಗೆ ಎರಡು ದಿನದ ಮಟ್ಟಿಗೆ ಬಂದು ಇಳಿದು, ಆ ಮನೆಯ ಮಕ್ಕಳು ಆಡುತ್ತಾರೆಂದು ಆಕ್ಷೇಪಿಸಿದಂತೆ!

ಅಂದು ಮಧ್ಯಾಹ್ನವೇ ಮಗ ಬೇರೆ ಬಿಡಾರವನ್ನು ಗೊತ್ತುಮಾಡಿದ. ಅದೂ ಕೋಟೆಯ ಹೊರಗೇ. ಆದರೆ ಉದ್ಯಾನಗಳಿಗೆ ಕಾರಿನಲ್ಲಿ ಹದಿನೈದು ನಿಮಿಷದ ದಾರಿ. ಎರಡು ಕೋಣೆ, ಒಂದು ಒಲೆ, ಒಂದು ಊಟದ ಮೇಜು. ಮೂರನೆಯ ದಿನ ಅಲ್ಲಿಗೆ ಹೋಗುವುದೆಂದಾಯಿತು. ಮುಂದಿನ ಮೂರು ದಿನಗಳನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಬೆಳಿಗ್ಗೆ ಬೇಗ ಉದ್ಯಾನಕ್ಕೆ. ಬಿಸಿಲೇರುವ ಹೊತ್ತಿಗೆ ಬಿಡಾರಕ್ಕೆ. ಸೊಸೆ ಮಾಡಿದ ಅನ್ನ ಸಾರು, ಹಪ್ಪಳ; ಒಂದು ನಿದ್ರೆ; ಸಂಜೆ ಮನಸ್ಸಿದ್ದವರು ಮತ್ತೆ ಉದ್ಯಾನಕ್ಕೆ, ಇಲ್ಲದವರು ಮೊಗಸಾಲೆಯಲ್ಲಿ ಹರಟೆಗೆ. ಗಾಡಿ ನಿಲ್ಲಿಸುವ ಹಣವನ್ನು ದಿನವೂ ತೆತ್ತೆವು. ನಾನು ಬಾಯಿ ಬಿಡಲಿಲ್ಲ. ನನ್ನಾಕೆ ಮೂರು ದಿನದಲ್ಲಿ ಎರಡೇ ಬಾರಿ ಉದ್ಯಾನಕ್ಕೆ ಬಂದಳು. ಬಂದಾಗ ಗಾಲಿಕುರ್ಚಿಯಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ನೋಡಿದಳು.

ಇಷ್ಟು ಅನುಭವದಿಂದ ನನ್ನ ಅಭಿಪ್ರಾಯ ಏನಾಯಿತೆಂದರೆ, ಹೊರಗೆ ಇಳಿಯುವುದೇ ಲೇಸು. ನಮ್ಮವರಲ್ಲಿ ಅನೇಕರು ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುತ್ತಾರೆ, ಮೊಮ್ಮಕ್ಕಳ ಕಾರಣದಿಂದ ಈ ಉದ್ಯಾನಕ್ಕೂ ಹೋಗುತ್ತಾರೆ. ಅವರಿಗೆ ಉಪಯೋಗವಾಗಲೆಂದು ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಒಳಗಿನ ಬಿಡಾರಕ್ಕೆ ಗುಣವಿಲ್ಲದಿಲ್ಲ. ನಡೆಯಲಾರದವರಿಗೆ, ಎರಡೇ ದಿನ ಬಿಡುವಿರುವವರಿಗೆ, ಗಾಡಿಯಿಲ್ಲದವರಿಗೆ ಅದೇ ಸರಿಯಾಗಬಹುದು. ಅಲ್ಲಿ ಬಸ್ಸಿದೆ, ಮುಂಗಡ ಪ್ರವೇಶವಿದೆ, ಉದ್ಯಾನದ ಅಂಗಳದಲ್ಲಿ ಗಾಡಿ ನಿಲ್ಲಿಸಲು ಹಣ ತೆರಬೇಕಾಗಿಲ್ಲ. ಆದರೆ ಎದ್ದರೂ ಕೂತರೂ ಉದ್ಯಾನವೇ ಆದಾಗ ವಿನೋದವೂ ಒಂದು ಉದ್ಯೋಗವಾಗುತ್ತದೆ. ತೆತ್ತ ಹಣಕ್ಕೆ ತಕ್ಕಷ್ಟು ಸಂತೋಷಪಡಬೇಕೆಂಬ ಹಟ ಮನುಷ್ಯನನ್ನು ಬೆಳಗಿನಿಂದ ರಾತ್ರಿಯವರೆಗೆ ಓಡಿಸುತ್ತದೆ. ಹೊರಗಿನ ಬಿಡಾರದಲ್ಲಿ ಉದ್ಯಾನಕ್ಕೆ ಒಂದು ಬಾಗಿಲಿದೆ; ಬಾಗಿಲಿನಿಂದ ಹೊರಬಂದರೆ ನಮ್ಮ ಬಾಳು ನಮಗೆ ಮರಳಿ ಸಿಗುತ್ತದೆ.

ಆದರೆ ಆರಿಸುವಾಗ ಮೈಲಿಗಳನ್ನು ಎಣಿಸಬಾರದು, ನಿಮಿಷಗಳನ್ನು ಎಣಿಸಬೇಕು. ಅದೂ ಮೋಟೆಲಿನ ಬಾಗಿಲಿನಿಂದ ಉದ್ಯಾನದ ಒಳಬಾಗಿಲಿನವರೆಗೆ, ಕೆರೆಯನ್ನೂ ಸೇರಿಸಿ. ಬಸ್ಸು ಇದೆಯೇ ಎಂದಲ್ಲ, ಮಧ್ಯಾಹ್ನ ಎರಡು ಗಂಟೆಗೆ ಇದೆಯೇ ಎಂದು ಕೇಳಬೇಕು. ದರವನ್ನು ನೋಡುವಾಗ ಕೊನೆಯ ಮೊತ್ತವನ್ನು ನೋಡಬೇಕು. ನೂರು ಡಾಲರಿನ ಬಾಡಿಗೆಗೆ ಆ ಭಾಗದಲ್ಲಿ 12 ಡಾಲರಿಗೂ ಮಿಕ್ಕ ತೆರಿಗೆ ಸೇರುತ್ತದೆ. ರೆಸಾರ್ಟ್ ಶುಲ್ಕವೆಂಬ ಇನ್ನೊಂದು ಬಾಬನ್ನು ಹಿಂದೆ ಕೊನೆಯ ಗಳಿಗೆಯಲ್ಲಿ ಹೊರತೆಗೆಯುವ ಪದ್ಧತಿಯಿತ್ತು. ಕಡ್ಡಾಯದ ಶುಲ್ಕಗಳನ್ನೆಲ್ಲ ಮೊದಲೇ ಸೇರಿಸಿ ತೋರಿಸಬೇಕೆಂಬ ಸಂಯುಕ್ತ ನಿಯಮ 2025ರ ಮೇ 12ರಿಂದ ಜಾರಿಗೆ ಬಂದಿದೆ. ಆದರೂ ಹೋಟೆಲಿನ ಅಂಗಳದಲ್ಲಿ ಗಾಡಿ ನಿಲ್ಲಿಸುವ ಹಣ ಬೇರೆ ಇರಬಹುದು, ಕೇಳಿ ತಿಳಿಯಬೇಕು. ಒಲೆಯಿದ್ದರೆ ದಿನಕ್ಕೆ ಒಂದು ಊಟದ ಖರ್ಚು ಉಳಿಯುತ್ತದೆ. ಹಿರಿಯರ ಹೊಟ್ಟೆಯೂ ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಲ್ಲಿ ಯಾರು ಮಾತನಾಡಲಿಲ್ಲವೋ ಅವರನ್ನು ಕೇಳಬೇಕು. ನಾಲ್ಕು ರಾತ್ರಿಯ ನಮ್ಮ ಚರ್ಚೆಯಲ್ಲಿ ಬಿಡಾರದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದವಳೇ ಬಾಯಿ ತೆರೆದಿರಲಿಲ್ಲ.

ಮಗನೊಂದಿಗೆ ಇನ್ನೊಂದು ವಿಷಯದಲ್ಲಿ ನನಗೆ ವಾದವುಂಟು. ಆ ಹಳೆಯ ಮೋಟೆಲಿನ ಹೆದ್ದಾರಿಗೆ ಯಾರೂ ಹೋಗಬಾರದೆಂದು ಗೆಳೆಯರಿಗೆ ಎಚ್ಚರಿಕೆ ಹೇಳುತ್ತೇನೆಂದು ಅವನು ಹೊರಟಿದ್ದ. ಕೋಣೆ ಕೊಳಕಾಗಿದ್ದರೆ ಕೊಳಕೆನ್ನಲಿ, ಬಸ್ಸು ಸಾಲದಾಗಿದ್ದರೆ ಸಾಲದೆನ್ನಲಿ. ಆದರೆ ಅಲ್ಲಿ “ಎಂಥೆಂಥವರೋ ವಾಸವಾಗಿದ್ದಾರೆ” ಎನ್ನುವುದು ಬೇಡವೆಂದೆ. ಬಿಡಾರ ಕೆಟ್ಟದ್ದೆನ್ನುವುದಕ್ಕೆ ಅಲ್ಲಿ ಬಡವರಿದ್ದಾರೆಂಬುದು ಕಾರಣವಾಗಲಾರದು. ನಾವು ಅಗ್ಗದ ಕೋಣೆಯನ್ನು ಅರಸಿ ಹೋದೆವು. ಅವರಿಗೆ ಅದೂ ಅಗ್ಗವಲ್ಲ. ಕೋಟೆ ಕಟ್ಟಿದವನು ಹೊರಗಿನದನ್ನು ಅತಿಥಿಗಳ ಕಣ್ಣಿನಿಂದ ಮರೆಮಾಡಿದ. ಹೊರಗಿದ್ದ ನಾವೂ ಕಣ್ಣು ಮುಚ್ಚಿಕೊಂಡರೆ ಹೊರಗೆ ಇಳಿದು ಬಂದ ಲಾಭವೇನು? ಆ ಮಕ್ಕಳಿಗೆ ಮನೆ ಕೊಡಿಸುವುದು ಒಬ್ಬ ಪ್ರವಾಸಿಯ ಕೈಯಲ್ಲಿಲ್ಲ, ನಿಜ. ಅವರಿರುವುದು ತನ್ನ ಸಂತೋಷಕ್ಕೆ ಅಡ್ಡಿಯೆಂದು ಬಗೆಯದಿರುವುದು ಅವನ ಕೈಯಲ್ಲಿದೆ.

ಅವರ ಗದ್ದಲಕ್ಕೆ ಕಾರಣವೂ ನನಗೆ ತಿಳಿಯಿತು. ಎರಡನೆಯ ದಿನ ರಾತ್ರಿ, ಮರುದಿನ ಹೊರಡುವುದೆಂದು ಗಂಟು ಕಟ್ಟುತ್ತಿದ್ದೆವು. ಒಂಬತ್ತರ ಸುಮಾರಿಗೆ ಎಂದಿನಂತೆ ಮಕ್ಕಳು ಮೊಗಸಾಲೆಯಲ್ಲಿ ಓಡಿದರು. ಬಾಗಿಲು ತೆರೆದು ನೋಡಿದೆ. ಬೆಳಿಗ್ಗೆ ಶಾಲೆಯ ಬಸ್ಸು ಹತ್ತಿದ್ದ ಮಕ್ಕಳೆಲ್ಲ ಮೊಗಸಾಲೆಯ ತುದಿಯ ಕಂಬಿಗೆ ಆತುಕೊಂಡು ನಿಂತಿದ್ದರು. ದೂರದಲ್ಲಿ, ಮರಗಳ ಮೇಲೆ, ಉದ್ಯಾನದ ಬಾಣಬಿರುಸು ಹೂವು ಹೂವಾಗಿ ಬಿಚ್ಚುತ್ತಿತ್ತು; ಸದ್ದು ಒಂದು ಗಳಿಗೆ ತಡವಾಗಿ ಬರುತ್ತಿತ್ತು. ಮೊಮ್ಮಗಳು ನನ್ನ ಕೈ ಬಿಡಿಸಿಕೊಂಡು ಹೋಗಿ ಅವರ ನಡುವೆ ನಿಂತಳು. ಅವರಲ್ಲೊಬ್ಬಳು, ಇವಳಿಗೆ ಎಟುಕುವುದಿಲ್ಲವೆಂದು ಕಂಡು, ಕಂಬಿಯ ಬಳಿ ಜಾಗ ಬಿಟ್ಟುಕೊಟ್ಟಳು.